ಮಾಡದೆ ಬರೆದ ಮೂರನೆಯ ಕರೆ

ಇಳಕಲ್ಲಿನ ಆ ಹೆಣ್ಣುಮಗಳು ನಮ್ಮ ಬಾಗಲಕೋಟೆ ಆಫೀಸಿಗೆ ಬಂದದ್ದು ಒಂದು ಸೋಮವಾರ. ಸೋಮವಾರ ನನ್ನ ಕೌಂಟರಿನ ಸಾಲು ಬಾಗಿಲು ದಾಟಿ ಮೆಟ್ಟಿಲ ತನಕ ಹೋಗಿರುತ್ತದೆ. ತಾವು ಕೇಳದ ಕಾಲರ್ ಟ್ಯೂನ್ ಹಾಡಿಗೆ ರೊಕ್ಕ ಹೋಯಿತು ಅನ್ನುವವರು, ಎರಡು ತಿಂಗಳಿಂದ ಲೈನ್ ಸತ್ತಿದ್ದರೂ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ ಅನ್ನುವವರು, ಮನೆಯೊಳಗೆ ಸಿಗ್ನಲ್ ಇಲ್ಲ, ಮಾಳಿಗೆ ಮೇಲೆ ನಿಂತು ಮಾತಾಡಬೇಕು ಅನ್ನುವವರು. ಖಾಸಗಿ ಟೆಲಿಫೋನ್ ಕಂಪನಿಯೊಂದರ ದೂರು ವಿಭಾಗ ನನ್ನದು. ಬಂದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ದಾಖಲಿಸುವುದು, ಸಂಬಂಧಪಟ್ಟವರಿಗೆ ದಾಟಿಸುವುದು, ಬಗೆಹರಿದ ಮೇಲೆ ಮುಚ್ಚುವುದು. ಮುಚ್ಚುವ ಗುಂಡಿ ಒತ್ತುವವಳು ನಾನೇ.

ಆಕೆಗೆ ನಲವತ್ತೈದರ ಆಸುಪಾಸು. ಸೀರೆ ನೇಯುವ ಮನೆಯವರು. ಜೊತೆಗೆ ಡಿಗ್ರಿ ಓದುವ ಮಗಳಿದ್ದಳು, ಮಾತು ಶುರು ಮಾಡಿದ್ದೂ ಅವಳೇ.

“ಮೇಡಂ, ಸರ್ಕಾರದ ಸೈಟಿನ್ಯಾಗ ನೋಡಿದ್ರ ನಮ್ಮವ್ವನ ಹೆಸರಿನ್ಯಾಗ ಎರಡು ನಂಬರ್ ತೋರಸ್ತೈತ್ರಿ. ಒಂದು ನಮ್ದು. ಇನ್ನೊಂದು ಯಾರ್ದೋ ಗೊತ್ತಿಲ್ರಿ.”

ತಾಯಿ ಕೌಂಟರಿನ ಅಂಚು ಹಿಡಿದು ಮುಂದೆ ಬಾಗಿದರು. “ಯಾವನರ ನನ್ನ ಹೆಸರಿನ್ಯಾಗ ಫೋನ್ ಮಾಡಿ ಮಂದಿಗೆ ಮೋಸ ಮಾಡಿದ್ರ ಪೋಲೀಸರು ನಮ್ಮ ಮನಿಗೇ ಬರ್ತಾರಲ್ರಿ ಬಾಯಾರ? ಟೀವ್ಯಾಗ ದಿನಾ ತೋರಸ್ತಾರ. ಎಂಟ ದಿನ ಆತು, ಊಟ ಸೇರವಲ್ದು ನನಗ.”

“ನೀವು ಅಂಜಬ್ಯಾಡ್ರಿ ಅಕ್ಕಾರ” ಅಂದೆ. ‘ಈ ನಂಬರು ನನ್ನದಲ್ಲ’ ಅನ್ನುವ ಅರ್ಜಿ ತುಂಬಿಸಿದೆ. ಮುಂದಿನ ಕ್ರಮವನ್ನೂ ವಿವರಿಸಿದೆ. ಸುಮ್ಮನೆ ನಂಬರು ಕಡಿಯಲು ಬರುವುದಿಲ್ಲ. ಅದನ್ನು ಬಳಸುತ್ತಿರುವವರಿಗೆ ಮೂರು ಬೇರೆ ಬೇರೆ ದಿನ, ಮೂರು ಸಲ ಕರೆ ಮಾಡಿ, ಕಾಗದ ತಂದು ತೋರಿಸಿರಿ ಎಂದು ಹೇಳಬೇಕು. ಮೂರೂ ಕರೆ ವ್ಯರ್ಥವಾದರೆ ಆಮೇಲೆ ಕಂಪ್ಯೂಟರೇ ಎಚ್ಚರಿಕೆಯ ಸಂದೇಶ ಕಳಿಸುತ್ತದೆ, ಮೊದಲು ಹೊರಹೋಗುವ ಕರೆ ನಿಲ್ಲಿಸುತ್ತದೆ, ನಂತರ ಒಳಬರುವುದನ್ನು, ಕೊನೆಗೆ ಪೂರ್ತಿ ಕಡಿಯುತ್ತದೆ.

ಅವತ್ತು ಮಧ್ಯಾಹ್ನ ಮೊದಲ ಕರೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಧ್ವನಿ. ಮರುದಿನ ಇನ್ನೊಂದು. ಅದೇ ಧ್ವನಿ. ಮೂರನೆಯ ದಿನ ಹುಬ್ಬಳ್ಳಿಯಿಂದ ತಪಾಸಣೆಗೆ ಬರುವವರಿದ್ದರು. ಸಂಜೆಯೊಳಗೆ ಬಾಕಿ ಪಟ್ಟಿ ಸೊನ್ನೆಯಾಗಬೇಕು ಎಂದು ಮ್ಯಾನೇಜರು ಬೆಳಿಗ್ಗೆಯೇ ಹೇಳಿದ್ದರು. ಮೂರನೆಯ ಕರೆಯ ಖಾನೆಯಲ್ಲಿ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದು ದೂರು ಮುಂದಕ್ಕೆ ತಳ್ಳಿದೆ. ಕರೆ ಮಾಡಿರಲಿಲ್ಲ. ಎರಡು ಸಲ ಸಿಗದವನು ಮೂರನೆಯ ಸಲ ಸಿಗುತ್ತಾನೆಯೇ ಅಂದುಕೊಂಡೆ. ಅಷ್ಟೂ ಅಂದುಕೊಳ್ಳಲಿಲ್ಲವೇನೋ. ಮುಂದಿನ ದೂರು ತೆರೆದಿದ್ದೆ.

ನಂಬರು ಕಡಿತವಾಯಿತು. ದೂರು ಬಗೆಹರಿದಿದೆ ಎಂಬ ಸಂದೇಶ ಇಳಕಲ್ಲಿಗೆ ಹೋಯಿತು. ಮಗಳು ನನಗೆ ಐದಕ್ಕೆ ಐದು ಅಂಕ ಕೊಟ್ಟಿದ್ದಳು.

ಡಿಸೆಂಬರಿನಲ್ಲಿ ಒಬ್ಬರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಳೆಯ ಕೀಪ್ಯಾಡ್ ಫೋನು. ಸಾಲಿನಲ್ಲಿ ತಮ್ಮ ಸರದಿ ಬಂದರೂ ಹಿಂದಿನವರನ್ನು ಮುಂದೆ ಬಿಟ್ಟು, ಕೌಂಟರು ಖಾಲಿಯಾದ ಮೇಲೆಯೇ ಹತ್ತಿರ ಬಂದರು. ಬೇರೆಯವರ ಎದುರು ಹೇಳಲು ನಾಚಿಕೆಯಾಗಿತ್ತು ಅಂತ ಆಮೇಲೆ ತಿಳಿಯಿತು.

“ನಂದೊಂದು ನಂಬರ್ ಸತ್ತೈತಿ ತಂಗಿ” ಅಂದರು. “ಊರು ಕುಳಗೇರಿ ಕ್ರಾಸಿನ ಕಡೆ. ಬಾದಾಮ್ಯಾಗ ಅಂಗಡಿಗೆ ಹೋಗಿ ತೋರಿಸಿದ್ರ, ಇದು ಇಳಕಲ್ಲಿನ ಹೆಣಮಗಳ ಹೆಸರಿನ್ಯಾಗ ಐತಿ, ಎಲ್ಲಿ ಕದ್ದಿ ಅಂತ ಎಲ್ಲಾರ ಮುಂದ ಕೇಳಿದ. ನಾ ಕುರಿ ಕಾಯಾಂವ. ಆರು ವರ್ಷದಿಂದ ಇದ ನಂಬರ್. ಕದಿಯೂದು ನಮ್ಮ ಮನಿತಾನದಾಗ ಇಲ್ಲವ್ವಾ.”

ನಂಬರು ಹಾಕಿ ನೋಡಿದೆ. ಕಡಿತದ ದಾಖಲೆ ಬಂತು. ಕೊನೆಯ ಸಾಲಿನಲ್ಲಿ ನನ್ನದೇ ಉದ್ಯೋಗಿ ಸಂಖ್ಯೆ. ಅದರ ಮೇಲಿನ ಸಾಲಿನಲ್ಲಿ ಮೂರನೆಯ ಕರೆ.

ನಾನು ಮೊದಲು ಆಡಿದ ಮಾತು ಇದು: “ಹೊಸಾ ಸಿಮ್ ತಗೋರಿ ಅಣ್ಣಾರ. ಅರ್ಧ ತಾಸಿನ್ಯಾಗ ಚಾಲೂ ಆಗ್ತೈತಿ.” ಹೇಳುವಾಗ ಅವರ ಮುಖ ನೋಡಲಿಲ್ಲ.

“ತಗೊಂಡೇನಿ. ಅದರಿಂದ ನಾ ಮಂದಿಗೆ ಮಾಡಬಹುದು. ಮಂದಿ ನನಗ ಹೆಂಗ ಮಾಡ್ತಾರ?” ಕಂಬಳಿ ಸರಿಸಿಕೊಂಡು ಸಮಾಧಾನದಿಂದಲೇ ಬಿಡಿಸಿ ಹೇಳಿದರು. ಸಿಂಧನೂರು ಕಡೆ ಭತ್ತ ಕೊಯ್ದ ಮೇಲೆ ಗೊಬ್ಬರಕ್ಕಾಗಿ ಗದ್ದೆಯಲ್ಲಿ ಕುರಿ ನಿಲ್ಲಿಸಲು ರೈತರು ಕರೆಯುತ್ತಾರೆ. ಒಬ್ಬ ರೈತ ಇನ್ನೊಬ್ಬನಿಗೆ ಇವರ ನಂಬರು ಕೊಟ್ಟಿರುತ್ತಾನೆ. ಈ ಗದ್ದೆಯಲ್ಲಿರುವಾಗಲೇ ಮುಂದಿನ ಗದ್ದೆ ಫೋನಿನಲ್ಲಿ ನಿಕ್ಕಿಯಾಗಬೇಕು. ಎಷ್ಟೋ ರೈತರ ಮುಖವನ್ನೇ ಇವರು ನೋಡಿಲ್ಲ, ಅವರ ನಂಬರೂ ಇವರಲ್ಲಿಲ್ಲ.

“ಮೊನ್ನಿ ಒಬ್ಬಾಂವ ನಾಕ ಸಲ ಮಾಡ್ಯಾನಂತ. ಹತ್ತಲಿಲ್ಲ ಅಂತ ಬ್ಯಾರೆ ಹಿಂಡಿನವರಿಗೆ ಒಪ್ಪಿಸಿಬಿಟ್ಟಾನ. ನಾವು ಹೋಗಿ ನೋಡಿದ್ರ ಗದ್ದಿ ತುಂಬ ಮಂದಿ ಕುರಿ. ಎರಡ ದಿನ ಕಾಲವಿ ದಂಡಿ ಮ್ಯಾಲ ನಿಂತೀವಿ ತಂಗಿ. ಮುನ್ನೂರ ಜೀವ. ತಮ್ಮನ ಹೆಂಡತಿ ಮೂರ ತಿಂಗಳ ಕೂಸು ಕಟಗೊಂಡು ಕುಂತಿದ್ಲು. ಮ್ಯಾವಿಲ್ಲ, ಮುಂದ ಎಲ್ಲಿ ಅನ್ನೂದು ಗೊತ್ತಿಲ್ಲ.”

“ಫೋನಿಗೆ ಮೆಸೇಜ್ ಬಂದಿರಲಿಲ್ಲೇನ್ರಿ?”

“ಬಂದಿರಬೇಕು. ಓದಾಕ ಬರಂಗಿಲ್ಲ ನನಗ. ರೀಚಾರ್ಜ್ ಮುಗೀತು ಅಂತ ತಿಳದು ಅದನ್ನೂ ಹಾಕಿಸಿದೆ.”

ಕೂಡ್ರಿ ಅಂದೆ. ಚಹಾ ತರಿಸಿದೆ. ಆ ನಂಬರಿನ ಮೂಲ ಅರ್ಜಿ ತೆಗೆದೆ, ಜೊತೆಗೆ ಇಳಕಲ್ಲಿನವರ ಇನ್ನೊಂದು ನಂಬರಿನದನ್ನೂ. ಎರಡೂ ಒಂದೇ ದಿನದವು, ಒಂಬತ್ತು ನಿಮಿಷದ ಅಂತರ. ಸ್ಥಳ ಅಮೀನಗಡ, ಏಜೆಂಟ್ ಒಬ್ಬನೇ. ಎರಡು ಫೋಟೋದಲ್ಲೂ ಆಕೆ ಅದೇ ಸೀರೆಯಲ್ಲಿ, ಅದೇ ಅಂಗಡಿಯ ಶಟರಿನ ಮುಂದೆ. ಎರಡನೆಯದರಲ್ಲಿ ಬಸ್ಸು ಬಂತೇ ಎಂದು ನೋಡುವವರ ಹಾಗೆ ಕತ್ತು ಹೊರಳಿಸಿದ್ದರು. ಇಳಕಲ್ಲಿಗೆ ಫೋನು ಹಚ್ಚಿದೆ. ಆಕೆಗೆ ನೆನಪಿತ್ತು. “ಹೌದ್ರಿ, ಹೆಬ್ಬಟ್ಟು ಹತ್ತಲಿಲ್ಲ, ಇನ್ನೊಮ್ಮೆ ಒತ್ರಿ ಅಂದಿದ್ದ. ಒತ್ತಿದ್ನಿ.”

ಆ ಎರಡನೆಯ ಒತ್ತಿಗೆ ಹುಟ್ಟಿದ್ದೇ ಈ ನಂಬರು. ಅದು ತಮ್ಮ ಕೈಗೆ ಬಂದ ಬಗೆಯನ್ನು ಕುರಿಗಾರರು ಹೇಳಿದರು. ಆ ಅರ್ಜಿಯ ಮರುದಿನ ಕುಳಗೇರಿ ಕ್ರಾಸಿನಲ್ಲಿ ದೊಡ್ಡ ಕೊಡೆ ಹಾಕಿಕೊಂಡು ಕೂತಿದ್ದ ಅದೇ ಏಜೆಂಟ್, ಚಾಲೂ ಇರುವ ಸಿಮ್ ಕೊಟ್ಟು, ನಿನ್ನ ಕಾಗದ ಆಮೇಲೆ ತಂದುಕೊಡು ಅಂದಿದ್ದ. ಇವರು ತಂದಾಗ ಕೊಡೆಯೂ ಇರಲಿಲ್ಲ, ಏಜೆಂಟನೂ ಇರಲಿಲ್ಲ. ಅವನು ಕಂಪನಿ ಬಿಟ್ಟು ವರ್ಷಗಳಾಗಿದ್ದವು.

ಕಡಿತವಾದ ನಂಬರು ಕೆಲವು ದಿನ ಖಾಲಿ ಇದ್ದು ಆಮೇಲೆ ಮಾರಾಟದ ಪಟ್ಟಿಗೆ ಹೋಗುತ್ತದೆ. ಇದಕ್ಕೆ ಇನ್ನು ಹನ್ನೊಂದು ದಿನ ಉಳಿದಿದ್ದವು. ಹೋದರೆ ಹೋಯಿತು, ಯಾರಿಗೋ ಸಿಗುತ್ತದೆ.

ಎಲ್ಲವನ್ನೂ ಬರೆದು, ಏಜೆಂಟನ ಮೋಸಕ್ಕೆ ಸಾಕ್ಷಿಯಾಗಿ ಎರಡೂ ಅರ್ಜಿ ಜೋಡಿಸಿ, ನಂಬರು ತೆರೆಯಿರಿ ಎಂದು ಹುಬ್ಬಳ್ಳಿಗೆ ಕಳಿಸಿದೆ. ನನ್ನ ಮೂರನೆಯ ಕರೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಎರಡು ದಿನಕ್ಕೆ ಉತ್ತರ ಬಂತು. ಮೋಸದಿಂದ ಚಾಲೂ ಮಾಡಿದ ಸಿಮ್ ಆದ್ದರಿಂದ ಕಡಿತ ಸರಿಯಾಗಿಯೇ ಇದೆ. ಕೋರಿಕೆ ತಿರಸ್ಕೃತ.

ಏಜೆಂಟನ ತಪ್ಪು ತೋರಿಸಿದಷ್ಟೂ ಕುರಿಗಾರರ ದಾರಿ ಮುಚ್ಚುತ್ತಿತ್ತು.

ಮ್ಯಾನೇಜರನ್ನು ಕೇಳಿದೆ. ಅವರು ಒಳ್ಳೆಯವರೇ, ನಿಯಮ ಬಲ್ಲವರು. “ಮೇಲ್ಮನವಿ ಒಂದ ದಾರಿ ನೋಡ್ರಿ. ಆದ್ರ ಅಲ್ಲಿ ಕಡಿಯುವಾಗ ಕಂಪನಿ ಕ್ರಮ ತಪ್ಪೈತಿ ಅಂತ ತೋರಿಸಬೇಕು. ಬಳಸಾವಗ ತಿಳಿಸಲಾರದ ಕಡಿದಿದ್ರ ಮಾತ್ರ ಆ ಕಡಿತ ರದ್ದಾಗ್ತೈತಿ. ಇಲ್ಲಿ ನೀವು ಮೂರೂ ಕರೆ ಮಾಡೀರಲ್ಲ, ತಪ್ಪೆಲ್ಲೈತಿ?”

ಹೌದು ಸರ್ ಅಂದು ಹೊರಗೆ ಬಂದೆ. ನನ್ನ ನೌಕರಿ ವರ್ಷ ವರ್ಷ ನವೀಕರಿಸುವಂಥದು, ಮಾರ್ಚಿಗೆ ಮುಗಿಯುತ್ತದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ಎರಡು ದಿನ ನಾನು ಏನೂ ಮಾಡದೆ ಕೂತದ್ದಕ್ಕೆ ಬೇರೆ ಕಾರಣ ಇರಲಿಲ್ಲ, ಅದಕ್ಕೆ ಹೇಳಿದೆ.

ರವಿವಾರ ಇಳಕಲ್ಲಿಗೆ ಹೊರಟೆ. ಮೇಲ್ಮನವಿ ಆಗಲಿ ಬಿಡಲಿ, ನಂಬರು ಕುರಿಗಾರರ ಹೆಸರಿಗೆ ಹೋಗಬೇಕಾದರೆ ಆ ಹೆಣ್ಣುಮಗಳ ಒಪ್ಪಿಗೆ ಬೇಕೇಬೇಕಿತ್ತು. ನನ್ನ ಮನಸ್ಸಿನ ಮೂಲೆಯಲ್ಲಿ, ಅವರು ಒಪ್ಪದಿದ್ದರೆ ಚಲೋ ಆಯಿತು, ತಪ್ಪು ಅವರ ಮೇಲೆ ಹೋಗುತ್ತದೆ ಅನ್ನುವ ಆಸೆಯೂ ಇತ್ತು. ಹುನಗುಂದ ದಾಟುವ ತನಕ ಅದು ಹೋಗಲಿಲ್ಲ.

ಮನೆ ಒಂದು ಓಣಿಯ ಕೊನೆಗೆ. ಪಡಸಾಲೆಯ ಕುಣಿ ಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಆಕೆಯ ಗಂಡ ನೇಯುತ್ತಿದ್ದರು. ಆಕೆ ಗೋಡೆಗೆ ಒರಗಿ ನೂಲು ಸುತ್ತುತ್ತಿದ್ದರು. ನೀರು ಕೊಟ್ಟರು, ಅವಲಕ್ಕಿ ಕೊಟ್ಟರು. ಕುರಿಗಾರರ ಕತೆ ಹೇಳಿದೆ. ಕಾಲುವೆ ದಂಡೆಯ ಮಾತಿಗೆ ಆಕೆ ಸುತ್ತುವುದು ಬಿಟ್ಟು ಕೇಳಿದರು. ಗಂಡ ಕೈ ನಿಲ್ಲಿಸಲಿಲ್ಲ.

“ಪಾಪ ಖರೆ ಐತ್ರಿ” ಅಂದರು ಲಾಳಿ ಆಡಿಸುತ್ತಲೇ. “ಆದ್ರ ನಾವು ಸಹಿ ಮಾಡಂಗಿಲ್ಲ. ಮೊದಲ ನಮ್ದಲ್ಲ ಅಂತ ಬರದು ಕೊಟ್ಟೇವಿ. ಈಗ ಕೊಡ್ರಿ ಅಂತ ಬರದ್ರ, ಅದು ನಮ್ದ ಅಂತ ಒಪ್ಪಿದಂಗಾತಲ್ರಿ. ಆರು ವರ್ಷದಾಗ ಆ ನಂಬರಿನಿಂದ ಏನೇನ್ ಆಗೈತೋ ಯಾರಿಗ್ಗೊತ್ತು? ನಾಳೆ ನಮ್ಮ ಕೊಳ್ಳಿಗೆ ಬರ್ತೈತಿ.”

ಅವರು ಹೇಳಿದ್ದು ಸರಿ ಇತ್ತು.

ಆಗ ಆಕೆ ಕೇಳಿದರು, ಯಾವ ಕೊಂಕೂ ಇಲ್ಲದೆ. “ಬಾಯಾರ, ಕಡಿಯೂಕಿಂತ ಮೊದಲ ಮೂರ ದಿನ ಫೋನ್ ಮಾಡಿ ಕೇಳ್ತೇವಿ ಅಂದಿದ್ರೆಲ್ಲ. ಮೂರ ಸಲಾನೂ ಆ ಯಣ್ಣ ಎತ್ತಲಿಲ್ಲೇನು?”

“ಎರಡ ಸಲ ಮಾಡಿದ್ನಿ ಅಕ್ಕಾರ” ಅಂದೆ. “ಮೂರನೇದು ಮಾಡಲಿಲ್ಲ. ಮಾಡೀನಿ ಅಂತ ಬರದ್ನಿ.”

ಮಗ್ಗ ನಿಂತಿತು. ಆ ಮನೆಯಲ್ಲಿ ನಾನು ಹೋದಾಗಿನಿಂದ ಅದು ನಿಂತದ್ದು ಅದೇ ಮೊದಲು. ಅಡುಗೆಮನೆಯಿಂದ ಮಗಳು ಬಂದು ಬಾಗಿಲಲ್ಲಿ ನಿಂತಳು. ಬೈಯುತ್ತಾರೆ ಅಂದುಕೊಂಡೆ. ಯಾರೂ ಬೈಯಲಿಲ್ಲ. ಗಂಡ ಕುಣಿಯೊಳಗೆ ಕೂತಲ್ಲಿಂದಲೇ ನನ್ನ ಕಡೆ ತಿರುಗಿ ಕೇಳಿದರು.

“ಇದನ್ನ ನಿಮ್ಮ ಮ್ಯಾಲಿನವರಿಗೆ ಹೇಳೀರೇನು?”

“ಇಲ್ರಿ.”

“ಹೇಳಿದ್ರ?”

“ಹೇಳಿದ್ರ ನಂಬರ್ ತೆಗಿಯಾಕ ಬರ್ತೈತ್ರಿ. ಅದೊಂದ ದಾರಿ.”

ಕೈಯೊರೆಸಿಕೊಂಡು ಅವರು ಮೇಲೆ ಬಂದರು. “ಹಂಗಾರ ಹಿಂಗ ಮಾಡೂಣು. ಒತ್ತಿದಾಕಿ ನಮ್ಮಾಕಿ, ಒತ್ತಿಸಿದಾಂವ ನಿಮ್ಮ ಏಜೆಂಟ, ಕೇಳಲಾರದ ಕಡಿದಾಕಿ ನೀವು. ಮೂರೂ ಖರೆ ಖರೆ ಬರೀರಿ. ಅದರ ಕೆಳಗ ನಮ್ಮಾಕಿ ಸಹಿ ಮಾಡ್ತಾಳ. ಒಂದ ಖರೆ ಬರದು ಎರಡು ಮುಚ್ಚಿಡೂದಾದ್ರ ನಮ್ಮನ್ನ ಕೇಳಬ್ಯಾಡ್ರಿ.”

ಮಗಳು ತನ್ನ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕೊಟ್ಟಳು. ಅಲ್ಲಿಯೇ ಚಾಪೆಯ ಮೇಲೆ ಕೂತು ಬರೆದೆ. ಬರೆಯಲು ಕೂತ ಮೇಲೆ ಕಷ್ಟವಾಗಲಿಲ್ಲ. ತಾರೀಖು, ಮೊದಲ ಕರೆ, ಎರಡನೆಯ ಕರೆ, ತಪಾಸಣೆಯ ದಿನ, ಮಾಡದ ಕರೆ. ಒಂದೂವರೆ ಪುಟ. ಆಕೆ ಮಗಳಿಂದ ಎರಡು ಸಲ ಓದಿಸಿ ಕೇಳಿ, ತಮ್ಮ ಹೆಸರನ್ನು ನಿಧಾನವಾಗಿ, ಪೂರ್ತಿಯಾಗಿ ಬರೆದರು.

ಸೋಮವಾರ ಬೆಳಿಗ್ಗೆ ಮ್ಯಾನೇಜರು ಅದನ್ನು ಓದಿ ಕನ್ನಡಕ ತೆಗೆದರು. “ಇದನ್ನ ಕಳಿಸಿದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ ನೋಡ್ರಿ. ಮೂರನೇ ಕರೆದೊಂದು ಸಾಲು ತಗದ್ರ ಆಗ್ತಿತ್ತು.”

“ಅದ ಸಾಲಿನ ಮ್ಯಾಲ ಮೇಲ್ಮನವಿ ನಿಂತೈತ್ರಿ ಸರ್.”

ಅವರು ಇನ್ನೊಮ್ಮೆ ಓದಿದರು. ಅದರ ಮೇಲೆ ತಮ್ಮ ಮೊಹರು ಒತ್ತಿ, ಕಳಿಸಿ ಅಂದರು.

ಕುರಿಗಾರರ ಹೆಸರಿನಲ್ಲಿ ಮೇಲ್ಮನವಿ ಹೋಯಿತು. ಹನ್ನೊಂದು ದಿನದಲ್ಲಿ ಆರು ಉಳಿದಿದ್ದವು. ಮಂಗಳವಾರ ಸುದ್ದಿ ಇಲ್ಲ. ಬುಧವಾರ ಒಂದು ಪ್ರಶ್ನೆ ಬಂತು, ಅರ್ಜಿಗಳ ದೊಡ್ಡ ಪ್ರತಿ ಬೇಕು ಅಂತ. ಕಳಿಸಿದೆ. ಪ್ರತಿದಿನ ಮಧ್ಯಾಹ್ನ ಕುರಿಗಾರರು ಹೊಸ ನಂಬರಿನಿಂದ ಕರೆ ಮಾಡುತ್ತಿದ್ದರು. “ಏನರ ಆತೇನ್ ತಂಗಿ?” “ಇನ್ನೂ ಇಲ್ಲ ಅಣ್ಣಾರ.” “ಇರ್ಲಿ, ನಾಳಿ ಮಾಡ್ತೇನಿ.” ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. ನನ್ನ ತಪ್ಪನ್ನು ಅವರಿಗೂ ಹೇಳಿದ್ದೆ. ಅವರು “ಆ ದಿನ ನೀ ಮಾಡಿದ್ರೂ ಹತ್ತತಿತ್ತೋ ಇಲ್ಲೋ ತಂಗಿ, ನಾವು ಗುಡ್ಡದಾಗ ಇದ್ವಿ” ಅಂದಿದ್ದರು. ಅದು ಕ್ಷಮೆಯೋ ಸುಮ್ಮನೆ ಸಂಗತಿಯೋ ತಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಮೇಲ್ಮನವಿಯ ಅಧಿಕಾರಿ ನೇರವಾಗಿ ನನಗೇ ಫೋನು ಮಾಡಿದರು. ಬೆಂಗಳೂರಿನ ಕಡೆಯ ಮಾತು. “ಈ ಟಿಪ್ಪಣಿ ನೀವೇ ಬರೆದದ್ದಾ? ಯಾರಾದರೂ ಒತ್ತಾಯ ಮಾಡಿದ್ದಾರಾ?”

“ನಾನೇ ಬರೆದದ್ದು ಸರ್. ಒತ್ತಾಯ ಇಲ್ಲ.”

“ಇದರ ಪರಿಣಾಮ ಬೇರೆ ವಿಭಾಗ ನೋಡುತ್ತದೆ, ಅದು ನನ್ನ ಕೈಲಿಲ್ಲ. ನಂಬರಿನ ವಿಷಯಕ್ಕೆ ಹೇಳುತ್ತೇನೆ. ತಿಳಿಸದೆ ಮಾಡಿದ ಕಡಿತ, ಅದನ್ನು ರದ್ದು ಮಾಡುತ್ತಿದ್ದೇನೆ. ನಾಳೆ ಒಂದು ದಿನ ಮಾತ್ರ ನಂಬರು ತೆರೆದಿರುತ್ತದೆ. ಅಷ್ಟರಲ್ಲಿ ಇಬ್ಬರೂ ಒಂದೇ ಜಾಗದಲ್ಲಿ ಬಂದು ಹೆಬ್ಬೆರಳು ಕೊಟ್ಟು ಹೆಸರು ಬದಲಾಗಬೇಕು. ಆಗದಿದ್ದರೆ ಮತ್ತೆ ಮುಚ್ಚುತ್ತದೆ.”

ಫೋನಿಟ್ಟ ಕೂಡಲೇ ಇಳಕಲ್ಲಿಗೂ ಕುರಿಗಾರರಿಗೂ ಕರೆ ಹಚ್ಚಿದೆ.

ಬಾಗಲಕೋಟೆ ಇಬ್ಬರಿಗೂ ದೂರ. ಅಮೀನಗಡಕ್ಕೆ ಎಲ್ಲ ಬಸ್ಸೂ ನಿಲ್ಲುತ್ತವೆ, ಅಲ್ಲಿಗೇ ಬರ್ರಿ ಅಂದೆ. ಹೆಬ್ಬೆರಳಿನ ಯಂತ್ರ ಚೀಲದಲ್ಲಿ ಹಾಕಿಕೊಂಡು ಶುಕ್ರವಾರ ಹತ್ತು ಗಂಟೆಗೆ ಇಳಿದೆ. ಪರಿಚಯದ ಕರದಂಟಿನ ಅಂಗಡಿಯವರು ಕಟ್ಟೆಯ ಮೇಲೆ ಜಾಗ ಕೊಟ್ಟರು. ಗಂಡ ಹೆಂಡತಿ ಇಬ್ಬರೂ ಇಳಕಲ್ಲಿನಿಂದ ಬಂದರು. ಕುರಿಗಾರರು ಸಿಂಧನೂರು ಕಡೆಯಿಂದ ಎರಡು ಬಸ್ಸು ಬದಲಿಸಿ ಹನ್ನೊಂದೂವರೆಗೆ ಬಂದರು. ಬಂದವರೇ ಗಂಡ ಹೆಂಡತಿ ಇಬ್ಬರಿಗೂ ಕೈ ಮುಗಿದರು.

ಮೊದಲ ಮಾತು ಆಕೆಯದೇ. “ಆರು ವರ್ಷ ನನ್ನ ಹೆಸರಿನ್ಯಾಗ ಮಾತಾಡೀರಿ ಯಣ್ಣಾ, ಒಂದ ಸಲಾನೂ ನಮಗ ಹಚ್ಚಲಿಲ್ಲ!”

ಕುರಿಗಾರರು ನಕ್ಕರು. ಆ ಮನುಷ್ಯ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಮೊದಲು ಆಕೆಯ ಬೆರಳು. “ಒಂದ ಸಲ ಒತ್ತತೇನ್ರಿ ಬಾಯಾರ. ಎರಡನೇ ಸಲ ಒತ್ತಂಗಿಲ್ಲ” ಅಂದರು, ಗಂಭೀರವಾಗಿಯೇ. ಪರದೆ ಅವರ ಕಡೆ ತಿರುಗಿಸಿ, ಹಸಿರು ಬಂದದ್ದನ್ನು ತೋರಿಸಿದೆ. ಒಂದೇ ಸಲಕ್ಕೆ ಆಯಿತು.

ಕುರಿಗಾರರದು ಆಗಲಿಲ್ಲ. ಹಗ್ಗ, ಕೋಲು, ಮುಳ್ಳಿನ ಬೇಲಿ, ಇವುಗಳಲ್ಲಿ ಸವೆದ ಹೆಬ್ಬೆರಳು. ಯಂತ್ರ ಕೆಂಪು ತೋರಿಸಿತು. ಒರೆಸಿ ಒತ್ತಿಸಿದೆ, ಕೆಂಪು. ಅಂಗಡಿಯವರು ಸಾಬೂನು ಕೊಟ್ಟರು, ತೊಳೆದು ಬಂದರು, ಕೆಂಪು. ಹತ್ತಿಯಿಂದ ಸ್ವಲ್ಪ ಎಣ್ಣೆ ಸವರಿದೆವು, ಮತ್ತೆ ಕೆಂಪು. ಇನ್ನು ಒಂದು ಸಲ ತಪ್ಪಿದರೆ ಆ ದಿನಕ್ಕೆ ಯಂತ್ರ ಮುಚ್ಚಿಕೊಳ್ಳುತ್ತದೆ. ನಾಳೆ ಅನ್ನುವುದು ನಮಗಿರಲಿಲ್ಲ.

ಯಂತ್ರ ಬದಿಗಿಟ್ಟು ಅವರ ಎರಡೂ ಕೈ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದೆ. ಎಡಗೈಯ ಉಂಗುರ ಬೆರಳಿನಲ್ಲಿ ಮಾತ್ರ ಗೆರೆಗಳು ಎದ್ದು ಕಾಣುತ್ತಿದ್ದವು. “ಈ ಬಟ್ಟು ಇಡ್ರಿ ಅಣ್ಣಾರ. ಒತ್ತಬ್ಯಾಡ್ರಿ, ಸುಮ್ಮ ಇಡ್ರಿ.” ಇಟ್ಟರು. ನೇಕಾರರು ಪರದೆಯ ಕಡೆ ಬಾಗಿದರು.

ಹಸಿರು.

ಹೆಸರು ಬದಲಾಗಿ ನಂಬರು ಅವರ ಫೋನಿನಲ್ಲಿ ಜೀವ ಪಡೆಯಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟರಲ್ಲಿ ಚಹಾ ಎರಡು ಸಲ ಆಗಿತ್ತು. ಸಿಗ್ನಲ್ಲಿನ ಕಡ್ಡಿಗಳು ಮೂಡಿ ಇನ್ನೂ ಐದು ನಿಮಿಷವಾಗಿರಲಿಲ್ಲ, ಫೋನು ಹೊಡೆದುಕೊಂಡಿತು. ಯಾರೋ ರೈತ. ಕುರಿಗಾರರು ಎದ್ದು ರಸ್ತೆಯ ಬದಿಗೆ ಹೋಗಿ ನಿಂತು, “ಹೌದ್ರಿ ಧಣಿ, ನಾನ. ಎಷ್ಟ ಎಕರೆ? ನೀರಿಂದು ಹೆಂಗೈತಿ?” ಅಂತ ನಮ್ಮೆಲ್ಲರನ್ನೂ ಮರೆತು ಮಾತಾಡತೊಡಗಿದರು. ತಿರುಗಿ ಬಂದು ಹಿಂಡಿನಲ್ಲಿದ್ದ ಹೆಂಡತಿಗೆ ಹಚ್ಚಿದರು. “ನಂಬರ್ ಬಂತು. ಸೋಮವಾರಕ್ಕ ಹೊಲಾನೂ ಸಿಕ್ಕತು. ಇಲ್ಲಿ ಆ ಇಳಕಲ್ಲಿನಕ್ಕ ಅದಾರ, ಮಾತಾಡು” ಎಂದು ಫೋನನ್ನು ನೇಕಾರಗಿತ್ತಿಯ ಕೈಗೆ ಕೊಟ್ಟರು. ಆ ಇಬ್ಬರು ಹೆಂಗಸರು ಕೂಸಿನ ಆರೋಗ್ಯ, ಸೀರೆ, ಚಳಿ ಅಂತ ಎಷ್ಟು ಹೊತ್ತು ಮಾತಾಡಿದರೆಂದರೆ ಗಂಡಸರಿಬ್ಬರೂ ಬಸ್ಸು ತಪ್ಪಿಸಿಕೊಂಡರು.

ನನಗೆ ಆಮೇಲೆ ಲಿಖಿತ ಎಚ್ಚರಿಕೆ ಬಂತು. ಅದು ನನ್ನ ಕಡತದಲ್ಲಿದೆ. ಮಾರ್ಚಿನಲ್ಲಿ ನೌಕರಿ ನವೀಕರಣವೂ ಆಯಿತು, ಮ್ಯಾನೇಜರು ಏನು ಬರೆದಿದ್ದರೋ ಕೇಳಲಿಲ್ಲ. ಆದರೆ ಆ ಶುಕ್ರವಾರ ಇದ್ಯಾವುದೂ ಗೊತ್ತಿರಲಿಲ್ಲ. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಬಾಗಲಕೋಟೆ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಟಿಕೆಟ್ ತೆಗೆದದ್ದಷ್ಟೇ ನೆನಪು. ಕಂಡಕ್ಟರು ಸೀಟು ಬಡಿದು, “ಏಳ್ರಿ ಅಕ್ಕಾರ, ಬಾಗಲಕೋಟಿ ಬಂತು, ಎಲ್ಲಾರೂ ಇಳದಾರ” ಅಂದಾಗ ಕಣ್ಣು ಬಿಟ್ಟೆ.